ರಾಬಿನ್ ಮೊದಲು ಕಾಣಿಸಿಕೊಂಡ ಸಂಚಿಕೆ ಯಾವುದು?

ನಮಸ್ಕಾರ. ಬ್ಯಾಟ್‌ಮ್ಯಾನ್‌ನ ಜೊತೆಗಾರ ಹುಡುಗ ರಾಬಿನ್‌ನ ಪ್ರವೇಶವಾದದ್ದು ‘ಬ್ಯಾಟ್‌ಮ್ಯಾನ್’ ಚಿತ್ರಕಥಾ ಪತ್ರಿಕೆಯ ಮೊದಲ ಸಂಚಿಕೆಯಲ್ಲಿಯೇ ಅಲ್ಲವೇ ಎಂದು ತಾವು ಕೇಳಿದ್ದೀರಿ. ಅಲ್ಲ, 1940ರ ಏಪ್ರಿಲ್ ತಿಂಗಳ ನಮೂದಿರುವ ‘ಡಿಟೆಕ್ಟಿವ್ ಕಾಮಿಕ್ಸ್’ನ 38ನೆಯ ಸಂಚಿಕೆಯಲ್ಲಿ. ಬ್ಯಾಟ್‌ಮ್ಯಾನ್ ಅದೇ ಪತ್ರಿಕೆಯ 27ನೆಯ ಸಂಚಿಕೆಯಲ್ಲಿ ಬಂದು ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ.

ಆ ಕಥೆಯಲ್ಲಿ, ಸರ್ಕಸ್ಸಿನ ಮಾಲೀಕನು ಹಫ್ತಾ ಕೊಡಲು ಒಪ್ಪದಿದ್ದುದಕ್ಕೆ ಜ಼ುಕ್ಕೋ ಎಂಬ ಪುಂಡನ ಗುಂಪು ಉಯ್ಯಾಲೆಯ ಹಗ್ಗಗಳಿಗೆ ಆಮ್ಲ ಹಾಕಿ, ಮುಂದೆ ರಾಬಿನ್ ಆಗುವ ಹುಡುಗ ಡಿಕ್ ಗ್ರೇಸನ್‌ನ ತಂದೆತಾಯಿಗಳು ಬಿದ್ದು ಸಾಯುವಂತೆ ಮಾಡುತ್ತದೆ. ತಾನೂ ಹಾಗೆಯೇ ಅನಾಥನಾದ ಬ್ಯಾಟ್‌ಮ್ಯಾನ್ ಹುಡುಗನನ್ನು ಜೊತೆಗೆ ಸೇರಿಸಿಕೊಂಡು, ಮೇಣದಬತ್ತಿಯ ಬೆಳಕಿನಲ್ಲಿ ಪ್ರತಿಜ್ಞೆ ಮಾಡಿಸುತ್ತಾನೆ. ಆ ಒಂದು ಚಿತ್ರಚೌಕವೇ, ನನ್ನ ಮಟ್ಟಿಗೆ, ಇಡೀ ಕಥೆಗಿಂತ ಹೆಚ್ಚು ಮನಸ್ಸಿನಲ್ಲಿ ನಿಲ್ಲುತ್ತದೆ.

ಒಂಟಿಯಾಗಿ ತಿರುಗುವ ನಾಯಕನಿಗೆ ಮಾತನಾಡಲು ಒಬ್ಬ ಜೊತೆಗಾರ ಬೇಕು, ಷರ್ಲಾಕ್ ಹೋಮ್ಸ್‌ಗೆ ವಾಟ್ಸನ್ ಇದ್ದಂತೆ, ಎಂಬುದು ಲೇಖಕ ಬಿಲ್ ಫಿಂಗರ್ ಅವರ ಕಾರಣವಾಗಿತ್ತು. ಹೆಸರನ್ನು ಸೂಚಿಸಿದವರು ಚಿತ್ರಕಾರ ಜೆರ‍್ರಿ ರಾಬಿನ್‌ಸನ್. ಅವರ ಮನಸ್ಸಿನಲ್ಲಿದ್ದದ್ದು ಇಂಗ್ಲಿಷ್ ಜನಪದ ಕಥೆಗಳ ಬಿಲ್ಲುಗಾರ ರಾಬಿನ್ ಹುಡ್, ರಾಬಿನ್ ಎಂಬ ಹಕ್ಕಿಯಲ್ಲ. ಉಡುಪಿನ ಅಂಗಿಯನ್ನು ನೋಡಿದರೆ ಅದು ತಿಳಿಯುತ್ತದೆ.

ತಾವು ಹೇಳುವ ‘ಬ್ಯಾಟ್‌ಮ್ಯಾನ್’ ಮೊದಲ ಸಂಚಿಕೆ ಅದೇ ವರ್ಷದ ವಸಂತದ್ದು. ಖಳನಾಯಕ ಜೋಕರ್ ಮೊದಲು ಬಂದದ್ದು ಅದರಲ್ಲಿ, ಬಹುಶಃ ಗೊಂದಲಕ್ಕೆ ಅದೇ ಮೂಲ. ರಾಬಿನ್ ಒಬ್ಬನದೇ ಕಥೆಗಳು ಬೇಕಿದ್ದರೆ, 1947ರಲ್ಲಿ ‘ಸ್ಟಾರ್ ಸ್ಪ್ಯಾಂಗಲ್ಡ್ ಕಾಮಿಕ್ಸ್’ನ 65ನೆಯ ಸಂಚಿಕೆಯಿಂದ ಆರಂಭಿಸಿ.