ವಿಮಾನದಲ್ಲಿ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಳ್ಳಬಹುದಾ?

ಹುಬ್ಬಳ್ಳಿಯಿಂದ ಮೊದಲ ಸಲ ವಿಮಾನ ಹತ್ತುತ್ತಿದ್ದೇನೆ, ಫ್ಲೈಟ್ ಮೋಡ್‌ನಲ್ಲಿ ಬ್ಲೂಟೂತ್ ಬಳಸಬಹುದಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಬಳಸಬಹುದು. ಸಿಬ್ಬಂದಿ ಬೇಡ ಅಂದರೆ ಮಾತ್ರ ವಾದ ಮಾಡದೆ ತೆಗೆದಿಡಿ.

ತೊಂದರೆ ಇರುವುದು ಸಿಮ್ ಸಿಗ್ನಲ್‌ದು, ಫ್ಲೈಟ್ ಮೋಡ್ ನಿಲ್ಲಿಸುವುದು ಅದನ್ನೇ. ಟವರ್ ದೂರವಾದಷ್ಟೂ ಫೋನ್ ಜಾಸ್ತಿ ಶಕ್ತಿ ಹಾಕಿ ಅದನ್ನು ಹುಡುಕುತ್ತದೆ. ಗೋಕುಲ ರೋಡಿನ ವಿಮಾನ ನಿಲ್ದಾಣ ಬಿಟ್ಟು ಮೇಲೇರಿದ ಮೇಲೆ ಆಗುವುದು ಅದೇ. ಪೈಲಟ್‌ಗಳ ಹೆಡ್‌ಸೆಟ್‌ನಲ್ಲಿ ಗುರ್ ಗುರ್ ಸದ್ದು ಬರಬಹುದು. ಹಳೇ ರೇಡಿಯೋ ಪಕ್ಕ ಮೊಬೈಲ್ ಇಟ್ಟಾಗ ಕೇಳ್ತಿತ್ತಲ್ವಾ, ಹಾಗೆ. ಬ್ಲೂಟೂತ್ ಶಕ್ತಿ ಇದರ ಮುಂದೆ ತೀರಾ ಕಡಿಮೆ.

ಇಯರ್‌ಫೋನಿಗೆ ವಿಮಾನಯಾನದ ಸರ್ಟಿಫಿಕೇಟ್ ಏನೂ ಬೇಕಿಲ್ಲ. ಪರೀಕ್ಷೆ ಆಗುವುದು ವಿಮಾನಕ್ಕೆ: ಪ್ರಯಾಣಿಕರ ಸಾಧನಗಳ ಸಿಗ್ನಲ್ ತಡೆದುಕೊಳ್ಳುತ್ತದಾ ಅಂತ. ನಮ್ಮಲ್ಲಿ 2014ಕ್ಕೆ ಮುಂಚೆ ಟೇಕಾಫ್, ಲ್ಯಾಂಡಿಂಗ್ ಹೊತ್ತಿನಲ್ಲಿ ಫೋನ್ ಪೂರ್ತಿ ಆಫ್ ಮಾಡಬೇಕಿತ್ತು. ಆ ವರ್ಷ ವಿಮಾನಯಾನದ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮ ಸಡಿಲಿಸಿ, ಫ್ಲೈಟ್ ಮೋಡ್‌ನಲ್ಲಿ ಬಳಸಲು ಬಿಟ್ಟಿತು.

ನೀವು ಕೇಳಿಲ್ಲ, ಆದರೂ ಹೇಳ್ತೀನಿ: ಪವರ್ ಬ್ಯಾಂಕನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಅಲ್ಲಿ ಕೈಗೆ ಸಿಗುತ್ತದೆ, ಸರಕಿನ ಗೂಡಿನಲ್ಲಿ ಸಿಗುವುದಿಲ್ಲ.