ನಮ್ಮ ಎಂಎಲ್ಎಗೆ ಎಷ್ಟು ಭಾಷೆ ಬರಬೇಕು?

ಮೈಸೂರು ಕಡೆಯ ಸ್ನೇಹಿತರೊಬ್ಬರು ಈಗ ಟೆಕ್ಸಾಸಿನಲ್ಲಿದ್ದಾರೆ. ಅಲ್ಲಿ ಚುನಾವಣೆ ಬಂತೆಂದರೆ ಇವರ ಆಫೀಸಿನಲ್ಲಿ ಒಂದೇ ಚರ್ಚೆಯಂತೆ. ನಿಂತವರಿಗೆ ಇಂಗ್ಲಿಷ್ ಜೊತೆ ಸ್ಪ್ಯಾನಿಷೂ ಬರಬೇಕಾ, ಬೇಡವಾ? "ನಿಮ್ಮದು ಗಡಿನಾಡು, ನಿಮಗೆ ಇದು ದಿನಾ ಇದ್ದದ್ದೇ ಅಲ್ವಾ, ನೀವೇನಂತೀರಿ?" ಅಂತ ಕೇಳಿದರು. ಬರಬೇಕು ಅಂದರೂ ತಪ್ಪು, ಬೇಡ ಅಂದರೂ ತಪ್ಪು. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಮ್ಮದು ಕಾಸರಗೋಡು ಜಿಲ್ಲೆಯ ಮಂಜೇಶ್ವರ. ಊರಿನ ಹೆಸರಿನಲ್ಲೇ ಜಗಳ ಉಂಟು. ನಮಗೆ ಮಂಜೇಶ್ವರ, ಸರಕಾರಕ್ಕೆ ಮಂಜೇಶ್ವರಂ. ಕೊನೆಯ ಆ ಸೊನ್ನೆ 1956ರ ನವೆಂಬರ್ 1ರಂದು ಬಂದದ್ದು ಅಂತ ನಮ್ಮ ಅಜ್ಜ ತಮಾಷೆ ಮಾಡುತ್ತಿದ್ದರು. ಅಲ್ಲಿವರೆಗೆ ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಆ ದಿನದಿಂದ ಕೇರಳದವರು. 1967ರಲ್ಲಿ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಹೇಳಿತು. ವರದಿ ಕಡತದಲ್ಲೇ ಉಳಿಯಿತು, ನಾವು ಇಲ್ಲೇ ಉಳಿದೆವು.

ಹೊರಗಿನವರು ಇಲ್ಲಿ ಕನ್ನಡ ಮತ್ತು ಮಲಯಾಳ ಎರಡೇ ಅಂದುಕೊಳ್ಳುತ್ತಾರೆ. ನಮ್ಮ ಮನೆಯನ್ನೇ ನೋಡಿ. ಒಳಗೆ ತುಳು. ಮಕ್ಕಳು ಕಲಿತದ್ದು ಕನ್ನಡ ಶಾಲೆಯಲ್ಲಿ. ಮೀನು ತರುವವರ ಹತ್ತಿರ ಬ್ಯಾರಿ, ದಿನಸಿ ಅಂಗಡಿಯವರ ಹತ್ತಿರ ಕೊಂಕಣಿ, ಸರಕಾರಿ ಬಸ್ಸಿನ ಕಂಡಕ್ಟರ್ ಹತ್ತಿರ ಮಲಯಾಳ. ಹುಷಾರಿಲ್ಲ ಅಂದರೆ ಮಂಗಳೂರಿಗೆ ಓಡುತ್ತೇವೆ, ಪಿಂಚಣಿ ಬರಲಿಲ್ಲ ಅಂದರೆ ತಿರುವನಂತಪುರಕ್ಕೆ ಅರ್ಜಿ ಹಾಕುತ್ತೇವೆ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಕರೆಯುವುದುಂಟು. ಹೂವಿನ ಹಾರದಂತೆ ಕೇಳಿಸುತ್ತದೆ. ಅರ್ಜಿ ಹಿಡಿದು ಸಾಲಿನಲ್ಲಿ ನಿಂತಾಗ ಅಷ್ಟು ಪರಿಮಳ ಬರುವುದಿಲ್ಲ.

ಚುನಾವಣೆ ಸಮಯದಲ್ಲಿ ಬಂದು ನೋಡಬೇಕು ನೀವು. ಪ್ರಚಾರದ ಜೀಪು ಹೊಸಂಗಡಿ ಪೇಟೆಯಲ್ಲಿ ಮಲಯಾಳದಲ್ಲಿ ಕೂಗುತ್ತದೆ. ವರ್ಕಾಡಿ ಕಡೆಗೆ ತಿರುಗಿದ ಕೂಡಲೇ ಕನ್ನಡ. ಇನ್ನೂ ಒಳಗಿನ ಗುಡ್ಡದ ದಾರಿಗೆ ಹೋದರೆ ಮೈಕಿನವನು ತುಳುವಿಗೆ ಇಳಿಯುತ್ತಾನೆ. ಅದೇ ಜೀಪು, ಅದೇ ಮನುಷ್ಯ. ನಮ್ಮ ಮನೆ ಇರುವುದು ಆ ತಿರುವಿನ ಹತ್ತಿರ. ಹಾಗಾಗಿ ನಮಗೆ ಪ್ರತಿ ಸಲ ಒಂದು ವಾಕ್ಯದ ತಲೆ ಒಂದು ಭಾಷೆಯಲ್ಲಿ, ಬಾಲ ಇನ್ನೊಂದರಲ್ಲಿ ಸಿಗುತ್ತದೆ. ತೆಂಕಣ ಜಿಲ್ಲೆಗಳಿಂದ ಬಂದ ನಾಯಕರು ವೇದಿಕೆ ಹತ್ತಿದರೆ ಮೊದಲ ಮಾತು ಕನ್ನಡದ್ದೇ. "ಎಲ್ಲರಿಗೂ ನಮಸ್ಕಾರ, ಊಟ ಆಯ್ತಾ?" ಜನ ಚಪ್ಪಾಳೆ ತಟ್ಟುತ್ತಾರೆ. ಊಟ ಆಗಿರುವುದಿಲ್ಲ, ಆ ಮಾತು ಬೇರೆ.

ಆ ನಾಲ್ಕು ಮಾತಿಗೂ ಇಲ್ಲಿ ಬೆಲೆ ಉಂಟು ಅನ್ನಿ. 2016ರಲ್ಲಿ ಮಂಜೇಶ್ವರದಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು 89 ಮತಗಳಿಂದ. 2021ರಲ್ಲಿ ಲೀಗಿನ ಎ.ಕೆ.ಎಂ. ಅಶ್ರಫ್ ಗೆದ್ದದ್ದು 745 ಮತಗಳಿಂದ. 89 ಮತ ಅಂದರೆ ನಮ್ಮ ಕಡೆ ಒಂದು ಮದುವೆಗೆ ಬರುವ ಜನವೂ ಅಲ್ಲ. ಇಂಥ ಕ್ಷೇತ್ರದಲ್ಲಿ ಒಂದು ಭಾಷೆಯವರನ್ನು ಬಿಟ್ಟು ಯಾವ ಪಕ್ಷವೂ ಗೆಲ್ಲುವುದಿಲ್ಲ. ಹಾಗಾಗಿ ಅಭ್ಯರ್ಥಿಗೆ ಎರಡು ಭಾಷೆ ಕಡ್ಡಾಯ ಮಾಡುವ ಕಾನೂನು ಬೇಕೇ ಅಂದರೆ, ಬೇಡ. ಲೆಕ್ಕಾಚಾರವೇ ಕಲಿಸುತ್ತದೆ.

ಅಶ್ರಫ್ ಅವರು 2021ರ ಮೇ 24ರಂದು ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ನಾನು ಅವರಿಗೆ ಮತ ಹಾಕಿದ್ದೆನೋ ಇಲ್ಲವೋ ಅದು ಬೇಡ. ಆದರೆ ಟಿವಿಯಲ್ಲಿ ಆ ಸಭೆಯೊಳಗೆ ಕನ್ನಡ ಕೇಳಿದಾಗ ಖುಷಿ ಆದದ್ದು ನಿಜ. ನಮ್ಮ ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸಿ ಕೇಳಿದರು. ಅದೇ ದಿನ ದೇವಿಕುಳಂನ ಶಾಸಕ ಎ. ರಾಜಾ ತಮಿಳಿನಲ್ಲಿ ಪ್ರಮಾಣ ಮಾಡಿದರು. ಮುನ್ನಾರ್ ಕಡೆಯ ತಮಿಳರಿಗೆ ನಮ್ಮದೇ ಕಥೆ. ಆದರೆ ರಾಜಾ ಅವರ ಕೈಗೆ ಕೊಟ್ಟ ತಮಿಳು ಅನುವಾದದಲ್ಲಿ 'ದೇವರ ಹೆಸರಿನಲ್ಲಿ' ಎಂಬುದೂ ಇರಲಿಲ್ಲ, ಅದರ ಬದಲಿಗೆ ಬೇಕಾದ 'ದೃಢವಾಗಿ' ಎಂಬುದೂ ಇರಲಿಲ್ಲ. ಪ್ರಮಾಣ ಸರಿಯಾಗಲಿಲ್ಲ ಅಂತ ಜೂನ್ 2ರಂದು ಮತ್ತೊಮ್ಮೆ ಮಾಡಿಸಿದರು. ಶಾಸಕರ ನಾಲಿಗೆಯಲ್ಲಿ ದೋಷ ಇರಲಿಲ್ಲ. ಕಾಗದದಲ್ಲಿತ್ತು.

ನನ್ನ ತಕರಾರು ಇರುವುದೂ ಅಲ್ಲೇ, ಕಾಗದದಲ್ಲಿ.

ಸ್ನೇಹಿತರ ಅಮೆರಿಕದಲ್ಲೂ ಈ ವ್ಯತ್ಯಾಸ ಚೆನ್ನಾಗಿ ಕಾಣಿಸುತ್ತದೆ. 1910ರಲ್ಲಿ ನ್ಯೂ ಮೆಕ್ಸಿಕೊ ಮತ್ತು ಅರಿಝೋನಾಗಳನ್ನು ರಾಜ್ಯ ಮಾಡಲು ಹೊರಟಾಗ ಅಲ್ಲಿನ ಸಂಸತ್ತು ಒಂದು ಷರತ್ತು ಹಾಕಿತು. ಶಾಸಕರಿಗೆ ದುಭಾಷಿ ಇಲ್ಲದೆ ಕೆಲಸ ನಡೆಸುವಷ್ಟು ಇಂಗ್ಲಿಷ್ ಬರಬೇಕು ಅಂತ. ಸ್ಪ್ಯಾನಿಷ್ ಮಾತಾಡುವವರೇ ತುಂಬಿದ್ದ ನಾಡು ಅದು. ಆ ಷರತ್ತಿನ ಬಿಸಿ ನೂರು ವರ್ಷ ಆದ ಮೇಲೂ ತಟ್ಟಿತು. 2012ರಲ್ಲಿ ಅರಿಝೋನಾದ ಸಾನ್ ಲೂಯಿಸ್ ಎಂಬ ಗಡಿ ಪಟ್ಟಣದಲ್ಲಿ ನಗರಸಭೆಗೆ ನಿಂತ ಹೆಂಗಸೊಬ್ಬರ ಹೆಸರನ್ನು, ಇಂಗ್ಲಿಷ್ ಸಾಲದು ಅಂತ, ಕೋರ್ಟು ಮತಪತ್ರದಿಂದ ತೆಗೆಸಿತು. ಅಲ್ಲಿ ಬೀದಿಯ ಭಾಷೆಯೇ ಸ್ಪ್ಯಾನಿಷ್. ಮತ ಹಾಕುವವರು ಅವರನ್ನು ಬೇಡ ಅನ್ನುವುದು ಬೇರೆ, ಪರೀಕ್ಷೆ ಮಾಡಿ ಮೊದಲೇ ಹೊರಗಿಡುವುದು ಬೇರೆ. ನಾಳೆ ಇಲ್ಲಿ ಯಾರಾದರೂ "ಅಭ್ಯರ್ಥಿಗೆ ಮಲಯಾಳದಲ್ಲಿ ಪರೀಕ್ಷೆ" ಅಂದರೆ ನಮ್ಮ ಕನ್ನಡದವರ ಗತಿ ಎಂತದು? ಎರಡು ಭಾಷೆಯ ಪರೀಕ್ಷೆ ಅಂದರೂ ಅಷ್ಟೇ. ಕೊನೆಗೆ ಅದರಲ್ಲಿ ಬೀಳುವುದು ಚಿಕ್ಕ ಭಾಷೆಯವರೇ.

ಅದೇ ಅಮೆರಿಕ 1975ರಲ್ಲಿ ಮಾಡಿದ ಇನ್ನೊಂದು ಕೆಲಸ ನನಗೆ ಇಷ್ಟ. ಇಂಗ್ಲಿಷ್ ಸರಿಯಾಗಿ ಬಾರದ ಒಂದು ಭಾಷೆಯ ಮತದಾರರು ಒಂದು ಕಡೆ ಇಷ್ಟು ಪ್ರಮಾಣಕ್ಕಿಂತ ಜಾಸ್ತಿ ಇದ್ದರೆ, ಮತಪತ್ರವನ್ನು ಆ ಭಾಷೆಯಲ್ಲೂ ಕೊಡಲೇಬೇಕು ಅಂತ ಮತದಾನದ ಹಕ್ಕಿನ ಕಾನೂನಿಗೆ ಸೇರಿಸಿದರು. ಅಭ್ಯರ್ಥಿ ಏನು ಮಾತಾಡುತ್ತಾನೆ ಅಂತ ಅದು ಕೇಳುವುದಿಲ್ಲ. ಕಾಗದ ಯಾವ ಭಾಷೆಯಲ್ಲಿ ಉಂಟು ಅಂತ ಕೇಳುತ್ತದೆ.

ನಮಗೂ ಕಾನೂನು ಇಲ್ಲ ಅಂತ ಅಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಮಲಯಾಳ, ಇಂಗ್ಲಿಷ್ ಜೊತೆಗೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಬಹುದು ಅಂತ ಉಂಟು. ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ಭಾಷೆಯ ಚಿಕ್ಕ ಮಕ್ಕಳಿಗೆ ಮಾತೃಭಾಷೆಯಲ್ಲಿ ಪಾಠ ಆಗಬೇಕು ಅನ್ನುತ್ತದೆ. ಬರೆಯಬಹುದು, ಸರಿ. ಓದುವವರು ಬೇಕಲ್ಲ?

ಎರಡು ಮಳೆಗಾಲದ ಹಿಂದೆ ಮಾವನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಹೇಳುವುದಿಲ್ಲ, ಅಲ್ಲಿದ್ದವರು ಕೆಟ್ಟವರೂ ಅಲ್ಲ. ಜಾಗದ ಗಡಿಯ ವಿಷಯ. ಮಾವ ಪ್ಲಾಸ್ಟಿಕ್ ಚೀಲದಿಂದ ಅಡಂಗಲಿನ, ಅಂದರೆ ಜಾಗದ ಪಹಣಿಯ, ಹಳೆಯ ನಕಲು ತೆಗೆದರು. ದಕ್ಷಿಣ ಕನ್ನಡದಲ್ಲಿದ್ದ ಕಾಲದ್ದು, ಪೂರ್ತಿ ಕನ್ನಡ, ಆ ಕಾಲದ ಶಾನುಭೋಗರ ಮೋಡಿ ಬರಹ. ಮಡಿಕೆಯಲ್ಲಿ ಹರಿದಿತ್ತು. ಮೇಜಿನ ಆಚೆ ಇದ್ದ ಹುಡುಗ ತೆಂಕಣ ಜಿಲ್ಲೆಯವನು, ಬಂದು ಮೂರು ತಿಂಗಳಾಗಿತ್ತು. ಕಾಗದವನ್ನು ಒಮ್ಮೆ ಉಲ್ಟಾ ಹಿಡಿದ, ಮತ್ತೆ ಸರಿ ಮಾಡಿದ. "ಮಲಯಾಳದಲ್ಲಿ ಬರೆಸಿ ತನ್ನಿ" ಅಂದ. ಬರೆಸಿ ತರಲಿಕ್ಕೆ ಆಗುತ್ತದೆ. ಆದರೆ ಅದರಲ್ಲಿ 'ಕುಮ್ಕಿ' ಅಂತ ಒಂದು ಪದ ಉಂಟು. ನಮ್ಮ ಕಡೆ ವರ್ಗ ಜಾಗದ, ಅಂದರೆ ರೈತನ ಸ್ವಂತ ಜಾಗದ, ಪಕ್ಕದ ಸರಕಾರಿ ಗುಡ್ಡದಿಂದ ಸೊಪ್ಪು, ಸೌದೆ ತರುವ ಹಕ್ಕು ರೈತನಿಗೆ ಉಂಟು. ಆ ಸರಕಾರಿ ಜಾಗಕ್ಕೆ ಕುಮ್ಕಿ ಅಂತ ಹೆಸರು. ತೆಂಕು ಕೇರಳದಲ್ಲಿ ಆ ಪದ್ಧತಿಯೇ ಇಲ್ಲ, ಪದ ಎಲ್ಲಿಂದ ಬರಬೇಕು?

ನಮ್ಮ ವಾರ್ಡಿನ ಮೆಂಬರಿಗೆ ಫೋನು ಮಾಡಿದೆವು. ಬಂದರು. ಅವರ ಕನ್ನಡ ಅಷ್ಟಕ್ಕಷ್ಟೇ. ವೇದಿಕೆಯಲ್ಲಿ ಎರಡು ವಾಕ್ಯ ಹೇಳಿದರೆ ಮಕ್ಕಳು ನಗುತ್ತಾರೆ. ಆದರೆ ಕುಮ್ಕಿ ಅಂದರೆ ಎಂತದು ಅಂತ ಅವರಿಗೆ ಗೊತ್ತಿತ್ತು, ಅವರ ಮನೆಗೂ ಉಂಟು. ಕುರ್ಚಿ ಎಳೆದು ಕೂತರು. ಮಾವ ತುಳುವಿನಲ್ಲಿ ಹೇಳಿದ್ದನ್ನು ಕೇಳಿ, ಮಲಯಾಳದಲ್ಲಿ ಆ ಹುಡುಗನಿಗೆ ವಿವರಿಸುತ್ತಾ ಹೋದರು. ಗಡಿಯ ಕಲ್ಲು ಎಲ್ಲಿ, ತೋಡು ಎಲ್ಲಿ, ಗೇರು ಮರ ಯಾರು ನೆಟ್ಟದ್ದು. ಅರ್ಧ ಗಂಟೆ ಆಯಿತು. ನಾನು ಮತ ಹಾಕುವುದಾದರೆ ಇಂಥವರಿಗೆ ಹಾಕುತ್ತೇನೆ. ಆದರೆ ಆ ಕೆಲಸ ಅವರದ್ದಲ್ಲ, ಸರಕಾರ ಕನ್ನಡ ಬಲ್ಲ ಗುಮಾಸ್ತನೊಬ್ಬನನ್ನು ಕೂರಿಸಿದ್ದರೆ ಅವನದ್ದು.

ಹುಡುಗ ಕೊನೆಗೆ ತನ್ನ ಡೈರಿಯ ಹಿಂದಿನ ಪುಟ ತೆಗೆದ. ಅಲ್ಲಿ ಆಗಲೇ ಏಳೆಂಟು ಪದ ಇದ್ದವು. ಕೆಳಗೆ ಮಲಯಾಳ ಅಕ್ಷರದಲ್ಲಿ 'ಕುಮ್ಕಿ' ಅಂತ ಬರೆದುಕೊಂಡು, ಮಾವನ ಕಡೆ ತಿರುಗಿಸಿ "ಸರಿ ಉಂಟಾ?" ಅಂತ ಕೇಳಿದ. ಮಾವನಿಗೆ ಮಲಯಾಳ ಓದಲಿಕ್ಕೆ ಬರುವುದಿಲ್ಲ. ಆದರೂ ಕನ್ನಡಕ ಹಾಕಿಕೊಂಡು ನೋಡಿ, ಸರಿ ಉಂಟು ಅಂದರು.