ವಿಶಾಲಕೋನ ಎಲ್ಲಿ ಮುಗಿಯುತ್ತದೆ?

ಪ್ರಿಯ ಬರಹಗಾರರೇ,

ಮಕ್ಕಳಿಗೆಂದು ನೀವು ಕಳಿಸಿದ ವಿಶಾಲಕೋನದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಚಿತ್ರಗಳೂ ಚೆನ್ನಾಗಿವೆ. ಆದರೆ ಎರಡು ಸಾಲು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: '90 ಡಿಗ್ರಿಗಿಂತ ಜಾಸ್ತಿ ಇರುವ ಕೋನವೇ ವಿಶಾಲಕೋನ.' ಎಲ್ಲಿಯವರೆಗೆ ಜಾಸ್ತಿ? 200 ಕೂಡ 90ಕ್ಕಿಂತ ಜಾಸ್ತಿಯೇ ಅಲ್ವಾ? ಅದು ಸರಳಾಧಿಕ ಕೋನ. ಸರಿಯಾಗಿ 180 ಆದರೆ ಸರಳಕೋನ. '90ಕ್ಕಿಂತ ಜಾಸ್ತಿ, 180ಕ್ಕಿಂತ ಕಡಿಮೆ' ಎಂದು ಎರಡೂ ಕಡೆ ಬೇಲಿ ಹಾಕಲೇಬೇಕು. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ 'ಲಂಬಕೋನಕ್ಕಿಂತ ದೊಡ್ಡದು' ಎಂದಷ್ಟೇ ಹೇಳಿದ್ದಾನೆ ಎಂದು ಅಂಚಿನಲ್ಲಿ ಬರೆದಿದ್ದೀರಿ. ನಿಜ. ಆದರೆ 180 ಆಗಲಿ, ಅದನ್ನು ದಾಟಿದ್ದಾಗಲಿ ಆತನ ಲೆಕ್ಕಕ್ಕೆ ಕೋನವೇ ಅಲ್ಲ. ನಿಮ್ಮ ಓದುಗರಿಗೆ ಅವೂ ಕೋನಗಳೇ. ಎಂಟು ಗಂಟೆಯ ಗಡಿಯಾರದ ಚಿತ್ರ ನೀವೇ ಕೊಟ್ಟಿದ್ದೀರಿ. ಮುಳ್ಳುಗಳ ನಡುವೆ ಒಂದು ಕಡೆ 120, ಇನ್ನೊಂದು ಕಡೆ 240. ಯಾವುದು ವಿಶಾಲಕೋನ ಅಂತ ಮಗು ಕೇಳಿದರೆ, ನಿಮ್ಮ ಸಾಲು ಎರಡಕ್ಕೂ ಹೌದು ಅನ್ನುತ್ತದೆ.

ಎರಡನೆಯದು: 'ಬಾಹುಗಳು ಉದ್ದವಾದಷ್ಟೂ ಕೋನ ವಿಶಾಲವಾಗುತ್ತದೆ.' ಇದನ್ನು ಓದಿ ಸಿಟ್ಟೇ ಬಂತು. ಒಂದು ಬಾಹುವಿನಿಂದ ಇನ್ನೊಂದಕ್ಕೆ ಎಷ್ಟು ತಿರುಗಬೇಕು ಅನ್ನುವುದೇ ಕೋನದ ಅಳತೆ. ಬಾಹು 2 ಸೆಂ.ಮೀ. ಇರಲಿ, 20 ಇರಲಿ, 130 ಡಿಗ್ರಿ 130 ಡಿಗ್ರಿಯೇ. ಮೊದಲೇ 'ವಿಶಾಲ' ಅಂದ ಕೂಡಲೇ ಮಕ್ಕಳ ಕಣ್ಣ ಮುಂದೆ ಬಯಲು ಬರುತ್ತದೆ. ಆ ಗೊಂದಲ ಬಿಡಿಸುವ ಬದಲು ನೀವು ಸುಮ್ನೆ ಇನ್ನೊಂದು ಗಂಟು ಹಾಕಿದ್ದೀರಿ.

ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೂ ಒಂದು ಚಿತ್ರದ ಕೆಳಗೆ '50 ಡಿಗ್ರಿ' ಎಂದು ಬರೆದಿದ್ದೆ. ಕೋನಮಾಪಕದ ಒಳಸಾಲಿನ ಅಂಕಿ ಬಿಟ್ಟು ಹೊರಸಾಲಿನದನ್ನು ಓದಿದ್ದೆ. ನಮ್ಮ ಹಿರಿಯ ಸಂಪಾದಕರು ಬೈಯಲಿಲ್ಲ. ಬಿಳಿ ಹಾಳೆಯ ಮೂಲೆ ಹರಿದು ಆ ಕೋನದ ಮೇಲಿಟ್ಟರು. ಮೂಲೆ ಪೂರ್ತಿ ಒಳಗೆ ಕೂತು, ಪಕ್ಕದಲ್ಲಿ ಇನ್ನೂ ಜಾಗ ಉಳಿದಿತ್ತು. 'ಲಂಬಕೋನ ಹಿಡಿಸಿ ಮಿಕ್ಕಿದೆಯಲ್ಲಪ್ಪಾ, 50 ಹೇಗಾಗುತ್ತೆ?' ಅಂದರು. 130 ಎಂದು ತಿದ್ದಿದೆ. ಇವತ್ತಿಗೂ ಕೋನದ ಚಿತ್ರ ಬಂದರೆ ಅಂಕಿ ನೋಡುವ ಮೊದಲು ಹಾಳೆಯ ಮೂಲೆ ಇಟ್ಟು ನೋಡುತ್ತೇನೆ. ನಿಮ್ಮ ಚಿತ್ರಗಳಿಗೂ ಇಟ್ಟು ನೋಡಿದೆ, ಎಲ್ಲ ಸರಿಯಾಗಿವೆ.

ಎರಡೂ ಸಾಲು ತಿದ್ದಿ. ಗಡಿಯಾರದಲ್ಲಿ 120 ಇರುವ ಕಡೆ ಸಣ್ಣ ಕಮಾನು ಎಳೆದು ಮತ್ತೆ ಕಳಿಸಿ. ಕಾಯುತ್ತಿರುತ್ತೇನೆ.